ಹೆಗಲ ಮೇಲಿನ ಕೈ

2025ರ ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 8 ಗಂಟೆ 40 ನಿಮಿಷ. ಕಾರ್ಬೆಟ್ ಫಾಲ್ಸ್ ಪೊಲೀಸ್ ಠಾಣೆಯ ಬಾಗಿಲನ್ನು ಭುಜದಿಂದ ನೂಕಿಕೊಂಡು ಗಸ್ ಬಟಾಲ್ಯ ಒಳಗೆ ಬಂದ. ಎರಡೂ ಕೈಯಲ್ಲಿ ಒಂದು ದೊಡ್ಡ ಫೋಟೊ ಫ್ರೇಮು. ಬೂಟಿಗೆ ಮೆತ್ತಿದ ಹಿಮವನ್ನು ಒದರುವಷ್ಟು ತಾಳ್ಮೆಯೂ ಇರಲಿಲ್ಲ. ಊರಿನ ಐಸ್ ಹಾಕಿ ಅಂಗಣದ ಉಸ್ತುವಾರಿ ಅವನದು. ಊರಲ್ಲಿ ಏನು ಕೆಟ್ಟರೂ ಮೊದಲು ಸಿಟ್ಟಾಗುವವನೂ ಅವನೇ.

"ಕಳ್ಳತನ ಆಗಿದೆ," ಅಂದ.

"ಏನು ಹೋಗಿದೆ?" ಮುಂದಿನ ಮೇಜಿನಲ್ಲಿದ್ದ ಕಾನ್‌ಸ್ಟೆಬಲ್ ಜೋಸೆಟ್ ಪ್ರೂ ಕೇಳಿದಳು.

"ಕೋಚ್."

"ಕೋಚ್ ಹೋಗಿ ನಾಲ್ಕು ತಿಂಗಳಾಯ್ತಲ್ಲ ಗಸ್. ಮಣ್ಣಿಗೆ ನೀನೂ ಬಂದಿದ್ದೆ."

"ತಮಾಷೆ ಬೇಡ ಕಣಮ್ಮ. ಸತ್ತೋರನ್ನೂ ಬಿಡಲ್ಲ ಈ ಜನ. ಇಲ್ನೋಡು!"

ಅವನು ಫ್ರೇಮನ್ನು ಮೇಜಿನ ಮೇಲಿಟ್ಟ. 1997ರಲ್ಲಿ ಜಿಲ್ಲಾ ಕಪ್ ಗೆದ್ದ ಟಿಂಬರ್ಸ್ ಹುಡುಗರ ತಂಡ. ಇಪ್ಪತ್ತೆಂಟು ವರ್ಷದಿಂದ ಅಂಗಣದ ಬಾಗಿಲಲ್ಲೇ ನೇತಾಡುತ್ತಿದ್ದ ಚಿತ್ರ. ಹಿಂದಿನ ಸಾಲಿನ ನಡುವೆ ಕೋಚ್ ವಾರೆನ್ ಹಾಲರನ್ ನಿಂತಿರಬೇಕಿತ್ತು. ನಿಂತಿರಲಿಲ್ಲ. ಅವನ ಜಾಗ ಖಾಲಿಯೂ ಇರಲಿಲ್ಲ. ಹುಡುಗರು ಒಬ್ಬರಿಗೊಬ್ಬರು ಒತ್ತಿಕೊಂಡು, ಹುಟ್ಟಿದಾಗಿನಿಂದ ಹಾಗೇ ನಿಂತವರಂತೆ ನಗುತ್ತಿದ್ದರು.

ಬರುವ ಶನಿವಾರ ಅಂಗಣಕ್ಕೆ ಹಾಲರನ್ ಹೆಸರಿಡುವ ಸಮಾರಂಭವಿತ್ತು. ಫಲಕ ಸಿದ್ಧವಾಗಿ, ಬಟ್ಟೆ ಹೊದ್ದು ಕಾಯುತ್ತಿತ್ತು. ಒಂಬತ್ತು ಗಂಟೆಗೆ ಮೊದಲೇ ದೂರು ದಾಖಲಾಯಿತು. ಪ್ರಕರಣ ಸಂಖ್ಯೆ 25-0318. ಕಳವು ಮತ್ತು ಸ್ವತ್ತಿಗೆ ಹಾನಿ. ಆರೋಪಿ: ಗೊತ್ತಿಲ್ಲ.

ತನಿಖೆ ಡಿಟೆಕ್ಟಿವ್ ಸಾರ್ಜೆಂಟ್ ಅರ್ವೋ ಸಾಲ್ಮಿ ಅವರ ಪಾಲಿಗೆ ಬಂತು. ಸಾಲ್ಮಿ ಮಾತು ಕಡಿಮೆಯ ಮನುಷ್ಯ. ಈ ಊರಿಗೆ ಬಂದು ಇಪ್ಪತ್ತೆರಡು ವರ್ಷವಾಗಿದ್ದರೂ ಊರಿನವರಿಗೆ ಇನ್ನೂ ಹೊರಗಿನವರೇ. ಅವರೂ ಜೋಸೆಟ್‌ಳೂ ಮಧ್ಯಾಹ್ನದೊಳಗೆ ಊರು ಸುತ್ತಿದರು. ಅಂಗಣದ ಮೊಗಸಾಲೆಯಲ್ಲಿ ನಾಲ್ಕು, ಮಾಜಿ ಸೈನಿಕರ ಸಭಾಂಗಣದಲ್ಲಿ ಒಂದು, ಹೈಸ್ಕೂಲಿನಲ್ಲಿ ಒಂದು, ಬಸ್ ನಿಲ್ದಾಣದ ಪಕ್ಕದ ಹೋಟೆಲಿನ ಗಲ್ಲಾ ಮೇಲೆ ಒಂದು. ಗಸ್ ತಂದದ್ದೂ ಸೇರಿ, ಬೇರೆ ಬೇರೆ ವರ್ಷದ ತಂಡಗಳ ಒಟ್ಟು ಏಳು ಚಿತ್ರ. ಫ್ರೇಮು, ಗಾಜು ಎಲ್ಲ ಹಳೆಯವೇ, ಒಳಗಿನ ಪ್ರಿಂಟು ಮಾತ್ರ ಹೊಸದು. ಏಳರಲ್ಲೂ ಹಾಲರನ್ ಇಲ್ಲ. ಒಂದೊಂದು ಕಡೆಯೂ ಇಬ್ಬರು ಸಾಕ್ಷಿಗಳ ಮುಂದೆ ಮಹಜರು ಬರೆದು ಪ್ರಿಂಟುಗಳನ್ನು ವಶಕ್ಕೆ ತೆಗೆದುಕೊಂಡರು. ಹೋಟೆಲಿನವಳು ಮಾತ್ರ, "ಯಾವಾಗ ಬದಲಾಯ್ತೋ ಗೊತ್ತೇ ಆಗಿಲ್ಲ ಸಾರ್. ದಿನಾ ಅದರ ಕೆಳಗೇ ನಿಂತಿರ್ತೀನಿ," ಎಂದು ಮೂರು ಸಲ ಹೇಳಿದಳು.

ಠಾಣೆಯ ಮುಖ್ಯಸ್ಥ ಇನ್ಸ್‌ಪೆಕ್ಟರ್ ಕೀತ್ ಮ್ಯಾಕ್‌ಲೀಶ್ ಚಿಕ್ಕಂದಿನಲ್ಲಿ ಹಾಲರನ್ ಕೈಕೆಳಗೆ ಆಡಿದವರು. ಶನಿವಾರದ ಭಾಷಣಕಾರರಲ್ಲಿ ಅವರೂ ಒಬ್ಬರು. "ಇಷ್ಟು ನಯವಾದ ಕೆಲಸ ಫೋಟೊ ತಿದ್ದೋ ಆ ದೊಡ್ಡ ಕಂಪ್ಯೂಟರ್ ಪ್ರೋಗ್ರಾಂ ಇಲ್ಲದೆ ಆಗಲ್ಲ," ಎಂದು ತೀರ್ಮಾನ ಕೊಟ್ಟರು. "ತಿಂಗಳು ತಿಂಗಳು ಬಾಡಿಗೆ ಕಟ್ಟೋದಿದೆಯಲ್ಲ, ಅದು. ಊರಲ್ಲಿ ಯಾರ ಹತ್ರ ಇದೆ ನೋಡಿ. ಮೂರೋ ನಾಲ್ಕೋ ಜನ. ಶನಿವಾರದೊಳಗೆ ನಂಗೆ ಆಸಾಮಿ ಬೇಕು."

ಇಡೀ ಬುಧವಾರ ಆ ಮಾತಿನ ಹಿಂದೆ ಸುತ್ತಿ ಹಾಳಾಯಿತು. ಹೈಸ್ಕೂಲಿನ ಚಿತ್ರಕಲೆ ಮೇಷ್ಟರು ಎರಡು ವಾರ ರಜೆಯ ಮೇಲೆ ಹೊರಗಿದ್ದರು. ಗಣಿ ಕಂಪನಿಯ ಪ್ರಚಾರ ವಿಭಾಗದ ಹುಡುಗಿಗೆ ಹಾಲರನ್ ಯಾರೆಂಬುದೇ ಗೊತ್ತಿರಲಿಲ್ಲ. ಜೀಪಿನಲ್ಲಿ ಜೋಸೆಟ್ ಗೊಣಗುತ್ತಲೇ ಇದ್ದಳು.

"ದೊಡ್ಡ ಪ್ರೋಗ್ರಾಮೇ ಬೇಕು ಅಂತ ಯಾರು ಹೇಳಿದ್ದು ಸಾರ್? ನನ್ನ ಮಗಳ ಟೀಮಿನ ಪೋಸ್ಟರೆಲ್ಲ ನಾನೇ ಮಾಡೋದು. ಅಗ್ಗದ್ದೇ. ಒಂದ್ಸಲ ದುಡ್ಡು ಕೊಟ್ರೆ ಆಯ್ತು, ಸಾಯೋವರೆಗೂ ನಮ್ಮದು."

"ಅದರಲ್ಲಿ ಇದನ್ನ ಮಾಡಬಹುದಾ?"

"ಮಾಡಬಹುದು. ನನ್ ಕೈಲಾಗಲ್ಲ ಅಷ್ಟೆ. ನಾನು ಮುಟ್ಟಿದ್ರೆ ಒಬ್ಬೊಬ್ಬ ಹುಡುಗನಿಗೆ ಮೂರು ಕೈ ಬರುತ್ತೆ."

ಸಾಲ್ಮಿ ನಗಲಿಲ್ಲ, ಆದರೆ ಮಾತನ್ನು ನೆನಪಿಟ್ಟುಕೊಂಡರು.

ಸಂಜೆ 4:15ಕ್ಕೆ ಅವರು ಮುದ್ರಣಾಲಯದ ಹಾರ್ವಿ ಡುಡಾ ಎದುರು ಕುಳಿತಿದ್ದರು. ಪಟ್ಟಿಯಲ್ಲಿ ಉಳಿದಿದ್ದ ಕೊನೆಯ ಹೆಸರು.

"ನಿಮ್ಮ ಹತ್ರ ಆ ಪ್ರೋಗ್ರಾಂ ಇದೆಯಾ?"

"ಇತ್ತು. ಎರಡು ವರ್ಷದ ಹಿಂದೆ ಬಿಟ್ಟೆ. ಯಾರದೋ ಮನೆಗೆ ಬಾಡಿಗೆ ಕಟ್ಟಿದ ಹಾಗೆ, ಬಿಟ್ಟ ದಿನ ನಮ್ಮ ಫೈಲ್ ನಾವೇ ತೆಗೆಯೋ ಹಾಗಿಲ್ಲ. ಈಗ ಅಗ್ಗದ್ದು ಇಟ್ಟುಕೊಂಡಿದ್ದೀನಿ. ಲೈಬ್ರರಿಯಲ್ಲಿ ಕಲಿತದ್ದು."

"ಇದು ನಿಮ್ಮ ಕೆಲಸವಾ?"

ಡುಡಾ ಕನ್ನಡಕ ಏರಿಸಿ ಪ್ರಿಂಟನ್ನು ದೀಪಕ್ಕೆ ಹಿಡಿದ. ತುಂಬ ಹೊತ್ತು ನೋಡಿದ. ಅವನ ಮುಖದಲ್ಲಿ ಹೊಟ್ಟೆಕಿಚ್ಚು ಕಾಣಿಸಿತು.

"ನನ್ನದಾಗಿದ್ರೆ ಎದೆ ತಟ್ಟಿಕೊಂಡು ಹೇಳ್ತಿದ್ದೆ. ನೋಡಿ, ಆ ಮನುಷ್ಯನ ಹಿಂದೆ ಇದ್ದ ಗೋಡೆ, ಬಾವುಟ, ಪಕ್ಕದ ಹುಡುಗನ ತೋಳು, ಎಲ್ಲಾನೂ ಹೊಸದಾಗಿ ಮಾಡಿದಾರೆ. ಐಸ್ ಮೇಲೆ ಬಿದ್ದ ನೆರಳೂ ತೆಗೆದಿದಾರೆ. ಇದು ಪ್ರೋಗ್ರಾಂ ಮಾಡಿದ್ದಲ್ಲ ಸಾರ್ಜೆಂಟ್, ಕೈ ಮಾಡಿದ್ದು." ಪ್ರಿಂಟನ್ನು ಮಗುಚಿದ. ಕೆಳಗಿನ ಬಲ ಮೂಲೆಯಲ್ಲಿ ಪೆನ್ಸಿಲಿನ ತೆಳು ಗುರುತು. "ಇದೇನು?"

ಎರಡು ಅಕ್ಷರ. ಎಲ್, ಟಿ. ಏಳು ಪ್ರಿಂಟುಗಳಲ್ಲಿ ಮೂರರ ಹಿಂದೆ ಹಾಗೇ ಇತ್ತು.

"ಹಳೇ ಸ್ಟುಡಿಯೋದವರ ಅಭ್ಯಾಸ," ಅಂದ ಡುಡಾ. "ಟಚಪ್ ಮುಗಿಸಿದವರು ಹಿಂದೆ ಪೆನ್ಸಿಲಲ್ಲಿ ಇನಿಶಿಯಲ್ ಹಾಕಬೇಕು. ಗಿರಾಕಿ ಜಗಳಕ್ಕೆ ಬಂದ್ರೆ ಯಾರನ್ನ ಬೈಯಬೇಕು ಅಂತ ಮಾಲೀಕನಿಗೆ ಗೊತ್ತಾಗಬೇಕಲ್ಲ. ಆ ಸ್ಟುಡಿಯೋ ಮುಚ್ಚಿ ಹದಿನಾಲ್ಕು ವರ್ಷ ಆಯ್ತು."

ಕದ್ದ ಮಾಲಿನ ಮೇಲೆ ಸಹಿ ಹಾಕುವ ಕಳ್ಳರು ಲೋಕದಲ್ಲಿ ಕಡಿಮೆ. ಅದು ಕೈಗೆ ಅಂಟಿದ ಚಾಳಿಯೋ, ಬೇಕೆಂದೇ ಬಿಟ್ಟ ಗುರುತೋ, ಸಾಲ್ಮಿಗೆ ಆಗ ತಿಳಿಯಲಿಲ್ಲ.

ಗುರುವಾರ ಬೆಳಿಗ್ಗೆ ಹೋಲಿಸಿ ನೋಡಲು ಹಳೆಯ ಪ್ರತಿ ಬೇಕಾಯಿತು. 1997ರ ತಂಡದ ಗೋಲ್‌ಕೀಪರ್ ಕ್ಲಿಫ್ ಬೋಡ್ರೊ ಈಗ ನಗರಸಭೆಯ ಹಿಮ ತೆಗೆಯುವ ಗಾಡಿ ಓಡಿಸುತ್ತಾನೆ. ಆ ಕಾಲದಲ್ಲೇ ಕೊಂಡ ಸಣ್ಣ ಪ್ರತಿಯನ್ನು ತಾಯಿಯ ಮನೆಯಿಂದ ಠಾಣೆಗೆ ತಂದುಕೊಟ್ಟ. ಬಿಸಿಲಿಗೆ ಬಣ್ಣ ಕಳೆದುಕೊಂಡಿದ್ದರೂ ಹಾಲರನ್ ಅದರಲ್ಲಿ ಅಚ್ಚುಕಟ್ಟಾಗಿ ನಿಂತಿದ್ದ. ಜೋಸೆಟ್ ಎರಡನ್ನೂ ಪಕ್ಕಪಕ್ಕ ಇಟ್ಟು ತಲೆ ಎಣಿಸಿದಳು. ಮತ್ತೆ ಎಣಿಸಿದಳು.

"ಸಾರ್, ಹಳೇದರಲ್ಲಿ ಹತ್ತೊಂಬತ್ತು. ಕೋಚ್ ಹೋದ ಮೇಲೆ ಹದಿನೆಂಟಾಗಬೇಕು. ಇದರಲ್ಲೂ ಹತ್ತೊಂಬತ್ತೇ ಇದಾರೆ."

ಮುಂದಿನ ಸಾಲಿನಲ್ಲಿ, ಕ್ಲಿಫ್‌ನ ಪಕ್ಕದಲ್ಲಿ, ಹಳೆಯ ಪ್ರತಿಯಲ್ಲಿಲ್ಲದ ಒಬ್ಬ ಹುಡುಗ ಕುಳಿತಿದ್ದ. ಕಿವಿ ಸ್ವಲ್ಪ ಅಗಲ. ಅವನೊಬ್ಬ ನಗುತ್ತಿರಲಿಲ್ಲ.

"ಇವನ್ಯಾರು?" ಸಾಲ್ಮಿ ಕೇಳಿದರು.

ಕ್ಲಿಫ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ರೆಮಿ. ರೆಮಿ ಟೆಸಿಯೆ."

"ತಂಡದಲ್ಲಿದ್ದನಾ?"

"ಇದ್ದ. ಆ ವರ್ಷ ನಮ್ಮಲ್ಲೆಲ್ಲ ಚೆನ್ನಾಗಿ ಆಡ್ತಿದ್ದೋನು ಅವನೇ."

"ಮತ್ತೆ ಹಳೆಯ ಫೋಟೊದಲ್ಲಿ ಯಾಕಿಲ್ಲ?"

ಹಳೆಯ ಪ್ರತಿಯಲ್ಲಿ ಕೋಚ್‌ನ ಬಲಗೈ ಕ್ಲಿಫ್‌ನ ಹೆಗಲ ಮೇಲಿತ್ತು. ಅವನು ಅದರ ಮೇಲೆ ಬೆರಳಿಟ್ಟ.

"ಈ ಕೈ ನನ್ ಹೆಗಲ ಮೇಲೆ ಇರ್ಲಿಲ್ಲ ಸಾರ್. ಫೋಟೊ ತೆಗೆದ ದಿನ ನಂಗೆ ಚೆನ್ನಾಗಿ ನೆನಪಿದೆ. ರೆಮಿ ಹೆಗಲ ಮೇಲಿತ್ತು. ಫೋಟೊ ಮನೆಗೆ ಬಂದಾಗ ನೋಡ್ತೀನಿ, ಅವನಿಲ್ಲ, ಕೈ ನನ್ನ ಮೇಲಿದೆ. ಅಮ್ಮ ಖುಷಿಯಿಂದ ಗೋಡೆಗೆ ಹಾಕಿದ್ರು. ಕೋಚ್‌ಗೆ ನನ್ ಮೇಲೆ ಎಷ್ಟು ಪ್ರೀತಿ ನೋಡು ಅಂತ."

"ಅವನನ್ನ ಯಾಕೆ ತೆಗೆದರು?"

"ಅವನೊಬ್ಬ ಬಾಯಿ ಬಿಟ್ಟ, ಅದಕ್ಕೆ."

"ನೀವು?"

"ನಾವು ಬಿಡಲಿಲ್ಲ," ಎಂದು ಕ್ಲಿಫ್ ಟೋಪಿ ಹಾಕಿಕೊಂಡು ಎದ್ದ. ಹೇಳಿಕೆ ಬರೆದುಕೊಡುವಿರಾ ಎಂದರೆ ರಸ್ತೆ ತೆರವು ಮಾಡಬೇಕು, ಹೊತ್ತಾಯಿತು ಎಂದ. ಸಾಲ್ಮಿ ಅವನ ಪ್ರತಿಯನ್ನು ಮಗುಚಿದರು. ಮೂಲೆಯಲ್ಲಿ ಇಪ್ಪತ್ತೆಂಟು ವರ್ಷದ ಹಿಂದಿನ ಪೆನ್ಸಿಲ್ ಗುರುತು. ಎಲ್, ಟಿ. ಅಂದು ತಿದ್ದಿದ್ದೂ ಇಂದು ತಿದ್ದಿದ್ದೂ ಒಂದೇ ಕೈ.

ಹೆಸರು ಹುಡುಕಲು ಕಷ್ಟವೇನೂ ಆಗಲಿಲ್ಲ. ಲೈಬ್ರರಿಯ ಬಾಗಿಲಲ್ಲೇ ಚೀಟಿ ಅಂಟಿಸಿತ್ತು: 'ದುಬಾರಿ ಪ್ರೋಗ್ರಾಂ ಬೇಕಿಲ್ಲ. ಹಳೆಯ ಫೋಟೊ ನೀವೇ ಸರಿಮಾಡಿ. ಹಿರಿಯರಿಗೆ ಉಚಿತ ತರಗತಿ. ಹೇಳಿಕೊಡುವವರು: ಲೋರೇನ್ ಟೆಸಿಯೆ.'

ಹೋಗುವ ಮೊದಲು ಸಾಲ್ಮಿ ಗಸ್‌ನನ್ನು ಇನ್ನೊಮ್ಮೆ ಕರೆಸಿದರು.

"ಅಂಗಣದ ನಾಲ್ಕು ಫ್ರೇಮು ಗೋಡೆಯಿಂದ ಇಳಿದದ್ದು ಯಾವಾಗ?"

"ನಂಗೇನ್ ಗೊತ್ತು?"

"ಹತ್ತಡಿ ಎತ್ತರದಲ್ಲಿವೆ. ಏಣಿ ಬೇಕು. ಏಣಿ ಇರೋ ಕೋಣೆ ಬೀಗದ ಕೈ ನಿನ್ನ ಹತ್ರ."

ಗಸ್ ಕುತ್ತಿಗೆ ಕೆಂಪಾಯಿತು. "ಫೆಬ್ರವರಿಯಲ್ಲಿ ಒಬ್ಬರು ಹೆಂಗಸು ಬಂದಿದ್ರು. ಸಮಾರಂಭಕ್ಕೆ ಗಾಜು ಒರೆಸಿ ಕೊಡ್ತೀನಿ ಅಂದ್ರು. ಕಮಿಟಿಯವರು ಕಳಿಸಿರ್ತಾರೆ ಅಂದ್ಕೊಂಡೆ."

"ಮತ್ತೆ?"

"ಏಣಿ ಹಿಡ್ಕೊಂಡೆ."

"ನೀನೇ?"

"ಬೀಳಬಾರದಲ್ಲ ಸಾರ್, ವಯಸ್ಸಾದೋರು!"

"ಯಾರಂತ ಗುರುತು ಸಿಗಲಿಲ್ವಾ?"

"ಎಲ್ಲೋ ನೋಡಿದ ಹಾಗಿತ್ತು. ಬೂದು ಕೋಟು."

ಇಪ್ಪತ್ತೆರಡು ವರ್ಷ ಲೋರೇನ್ ಟೆಸಿಯೆ ಈ ಊರಿನ ಪ್ರತಿ ಮದುವೆ, ಪ್ರತಿ ತರಗತಿ, ಪ್ರತಿ ತಂಡದ ಫೋಟೊ ತಿದ್ದಿದವಳು. ಗಸ್‌ನ ಮದುವೆಯ ಆಲ್ಬಮ್ಮಿನಲ್ಲಿ ಅವನ ಕೆನ್ನೆಯ ಮೊಡವೆ ಅಳಿಸಿದವಳೂ ಅವಳೇ. ಅವನಿಗೆ ನೆನಪಾದದ್ದು ಬೂದು ಕೋಟು. ಊರು ಅಂದರೆ ಇಷ್ಟೇ, ಅದಕ್ಕೆ ಬೇಕಾದವರ ಮುಖ ಮಾತ್ರ ಅದಕ್ಕೆ ಕಾಣುತ್ತದೆ.

ಮಧ್ಯಾಹ್ನ 2:30ಕ್ಕೆ ಶೋಧನಾ ವಾರಂಟ್ ಹಿಡಿದು ಇಬ್ಬರೂ ಅವಳ ಮನೆಯ ಬಾಗಿಲು ತಟ್ಟಿದರು. ಐವತ್ತೈದರ ಹೆಂಗಸು, ಕತ್ತರಿಸಿದ ಕೂದಲು. ವಾರಂಟನ್ನು ಕೊನೆಯವರೆಗೆ ಓದಿ ದಾರಿ ಬಿಟ್ಟಳು. "ಬೂಟು ಬಿಚ್ಚಿ ಬನ್ನಿ. ನೆಲ ಈಗ ಒರೆಸಿದ್ದೀನಿ," ಅಂದಳು. ಕಾಫಿಗೆ ನೀರಿಟ್ಟಳು.

ಅಡುಗೆಮನೆಯ ಮೇಜಿನ ಮೇಲೆ ಮೂಲೆ ಒಡೆದ ಹಳೆಯ ಲ್ಯಾಪ್‌ಟಾಪ್. ಜೋಸೆಟ್ ಅದನ್ನು ತೆರೆದು, "ನನ್ನದೇ ಪ್ರೋಗ್ರಾಂ ಸಾರ್," ಎಂದು ಮೆಲ್ಲಗೆ ಹೇಳಿದಳು. ಪಕ್ಕದಲ್ಲಿ ರಟ್ಟಿನ ಡಬ್ಬಿ ತುಂಬ ನೆಗೆಟಿವ್‌ಗಳು. ಸ್ಟುಡಿಯೋ ಮುಚ್ಚಿದ ದಿನ ಕಸಕ್ಕೆ ಹಾಕಿದ್ದನ್ನು ಹೊತ್ತು ತಂದದ್ದು.

"ಗೋಡೆಯಿಂದ ತೆಗೆದ ಹಳೆಯ ಪ್ರಿಂಟುಗಳೆಲ್ಲಿ?" ಸಾಲ್ಮಿ ಕೇಳಿದರು.

"ಒಲೆಗೆ ಹಾಕಿದೆ."

"ಏಳೂ?"

"ಏಳೂ. ಚೆನ್ನಾಗಿ ಉರೀತು."

"ಯಾಕೆ ಮಾಡಿದಿರಿ?"

ಅವಳು 1997ರ ನೆಗೆಟಿವನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಅದರಲ್ಲಿ ಇಪ್ಪತ್ತು ಜನ.

"ನನ್ನ ತಮ್ಮ. ಆಗ ಹದಿನೈದು ವರ್ಷ. ಏಪ್ರಿಲ್ 9ನೇ ತಾರೀಖು ಅಮ್ಮನ ಜೊತೆ ನಿಮ್ಮ ಠಾಣೆಗೆ ಬಂದಿದ್ದ, ನಡ್ಕೊಂಡು. ಏನು ಹೇಳಿದ ಅಂತ ನಾನು ಬಾಯಿಬಿಟ್ಟು ಹೇಳಲ್ಲ, ನಿಮಗೆ ಅರ್ಥ ಆಗಿದೆ. ಮುಂದಿನ ಮೇಜಿನಲ್ಲಿದ್ದ ಪೊಲೀಸಪ್ಪ ಎಲ್ಲ ಕೇಳಿ, ಫೋನ್ ಎತ್ತಿ ಯಾರಿಗೆ ಮಾಡಿದ ಗೊತ್ತಾ? ಹಾಲರನ್‌ಗೆ. ಅವನೇ ಬಂದು ಇಬ್ಬರನ್ನೂ ಕಾರಲ್ಲಿ ಕೂರಿಸ್ಕೊಂಡು ಮನೆಗೆ ಬಿಟ್ಟ. ದಾರಿಯುದ್ದಕ್ಕೂ ಅಮ್ಮನ ಹತ್ರ ಚಳಿ ಬಗ್ಗೆ ಮಾತಾಡಿದನಂತೆ."

ಜೋಸೆಟ್ ಬರೆಯುವುದನ್ನು ನಿಲ್ಲಿಸಿದಳು. ಸಾಲ್ಮಿ ನಿಲ್ಲಿಸಬೇಡ ಎಂದು ಕಣ್ಣಲ್ಲೇ ಹೇಳಿದರು.

"ವಾರ ಕಳೀತು. ಕ್ಲಬ್ಬಿನವರು ಸ್ಟುಡಿಯೋಗೆ ಬಂದ್ರು. ಆ ಹುಡುಗ ತಂಡ ಬಿಟ್ಟಿದಾನೆ, ಫೋಟೊದಿಂದ ತೆಗೀರಿ ಅಂದ್ರು. ಮಾಲೀಕ ನನ್ನ ಮುಂದಿಟ್ಟ. ಊರಲ್ಲಿ ದೊಡ್ಡ ಪ್ರೋಗ್ರಾಂ ಗೊತ್ತಿದ್ದೋಳು ನಾನೊಬ್ಬಳೇ. ಆಗಲ್ಲ ಅಂದಿದ್ರೆ ಕೆಲಸ ಹೋಗ್ತಿತ್ತು. ಅಮ್ಮನೂ, ಮಾಡಿಬಿಡು, ದೊಡ್ಡದು ಮಾಡ್ಬೇಡ ಅಂದ್ರು. ಮಾಡಿದೆ. ಆ ಕೈ ಗಾಳಿಯಲ್ಲಿ ನಿಂತುಬಿಡ್ತು, ಹಾಗಾಗಿ ಪಕ್ಕದ ಹುಡುಗನ ಹೆಗಲ ಮೇಲೆ ಇಟ್ಟೆ. ಒಂದು ಗೆರೆ ಕಾಣಲ್ಲ. ಮಾಲೀಕ ಬೆನ್ನು ತಟ್ಟಿದ. ರೆಮಿ ಅದನ್ನ ಅಂಗಣದ ಬಾಗಿಲಲ್ಲಿ ನೋಡಿದ. ಮನೆಗೆ ಬಂದು ಒಂದೇ ಮಾತು ಕೇಳಿದ, ಅಕ್ಕಾ ಇದು ನೀನು ಮಾಡಿದ್ದಾ ಅಂತ. ಹೂಂ ಅಂದೆ. ಅವತ್ತಿಂದ ನನ್ನ ಹತ್ರ ಮಾತಾಡಲಿಲ್ಲ."

"ಈಗ ಎಲ್ಲಿದ್ದಾನೆ?"

"ಹದಿನಾರಕ್ಕೇ ಪಶ್ಚಿಮಕ್ಕೆ ಹೋದ, ತೈಲ ಬಾವಿ ಕೆಲಸಕ್ಕೆ. 2009ರಲ್ಲಿ ಒಂದು ಮೋಟೆಲಿನಿಂದ ಫೋನ್ ಬಂತು. ಹೆಣದ ಗುರುತು ಹಿಡಿಯೋಕೆ ಹೋಗಿದ್ದು ನಾನೇ."

ಕಾಫಿ ಆರುತ್ತಿತ್ತು. ಯಾರೂ ಮುಟ್ಟಲಿಲ್ಲ.

"ಹಾಲರನ್ ಹೆಸರನ್ನ ಅಂಗಣದ ಮೇಲೆ ಬರೀತಾರೆ ಅಂತ ನವೆಂಬರಿನಲ್ಲಿ ಪೇಪರಲ್ಲಿ ಓದಿದೆ," ಅಂದಳು ಲೋರೇನ್. "ದೊಡ್ಡ ಪ್ರೋಗ್ರಾಮಿಗೆ ಬಾಡಿಗೆ ಕಟ್ಟೋಷ್ಟು ಗತಿ ನಂಗಿಲ್ಲ. ಇದರಲ್ಲೇ ಮಾಡಿದೆ. ರೆಮಿನ ವಾಪಸ್ ಕೂರಿಸೋದು ಸುಲಭ ಆಯ್ತು, ನೆಗೆಟಿವ್ ಇತ್ತಲ್ಲ. ಅವನ ಹೆಗಲಿಂದ ಆ ಕೈ ತೆಗೆಯೋಕೆ ಹನ್ನೊಂದು ದಿನ ಹಿಡೀತು. ಒಂದೊಂದು ಬೆರಳೂ."

ಸಂಜೆ ಸಾಲ್ಮಿ ಠಾಣೆಯ ನೆಲಮಾಳಿಗೆಗೆ ಇಳಿದು 1997ರ ಏಪ್ರಿಲ್ ತಿಂಗಳ ದೂರು ಪುಸ್ತಕ ತೆಗೆದರು. 9ನೇ ತಾರೀಖಿನ ಪುಟದಲ್ಲಿ ಎರಡು ನಮೂದು: ಕಳೆದುಹೋದ ನಾಯಿ, ಒಡೆದ ಕಾರಿನ ಗಾಜು.

ಶುಕ್ರವಾರ ಬೆಳಿಗ್ಗೆ 10 ಗಂಟೆಗೆ ಇನ್ಸ್‌ಪೆಕ್ಟರ್ ಮ್ಯಾಕ್‌ಲೀಶ್ ತಮ್ಮ ಕೋಣೆಗೆ ಕರೆದರು. ಸಮಾರಂಭದ ಕಮಿಟಿಯವರು ಸರ್ಕಾರಿ ವಕೀಲರೊಂದಿಗೆ ಮಾತಾಡಿ ಒಂದು ದಾರಿ ಹುಡುಕಿದ್ದರು. ನಾಳೆಯೊಳಗೆ ಹೊರಗಿನ ಯಾವ ಸ್ಟುಡಿಯೋ ಈ ಕೆಲಸ ಮಾಡಿಕೊಡುವುದಿಲ್ಲ. ಡುಡಾ ತನ್ನ ಕೈಯಲ್ಲಾಗದು ಎಂದಿದ್ದ. ಬಲ್ಲವಳು ಒಬ್ಬಳೇ.

"ಬಾಗಿಲ ಫೋಟೊ ಒಂದನ್ನಾದರೂ ಮೊದಲಿದ್ದ ಹಾಗೆ ಮಾಡಿಕೊಡಲಿ. ಮಿಕ್ಕಿದ್ದು ನಿಧಾನಕ್ಕೆ. ಕೇಸಿಲ್ಲ, ಕೋರ್ಟಿಲ್ಲ. ಲೈಬ್ರರಿ ಕೆಲಸಾನೂ ಉಳಿಯುತ್ತೆ. ಅವಳ ಒಳ್ಳೇದಕ್ಕೇ ಹೇಳ್ತಿರೋದು ಅರ್ವೋ."

"ಮೊದಲಿದ್ದ ಹಾಗೆ ಅಂದ್ರೆ ಹುಡುಗನೂ ಹೋಗಬೇಕಾ ಸಾರ್?"

ಮ್ಯಾಕ್‌ಲೀಶ್ ಕಿಟಕಿಯ ಕಡೆ ತಿರುಗಿದರು. "ಮೊದಲಿದ್ದ ಹಾಗೆ ಅಂದೆ."

11:20ಕ್ಕೆ ಸಾಲ್ಮಿ ಆ ಮಾತನ್ನು ಲೋರೇನ್‌ಳ ಅಡುಗೆಮನೆಯಲ್ಲಿ ಒಂದಕ್ಷರ ಬಿಡದೆ ಒಪ್ಪಿಸಿದರು. ವಶಪಡಿಸಿಕೊಂಡ ಲ್ಯಾಪ್‌ಟಾಪನ್ನೂ ಜೋಸೆಟ್ ತಂದಿದ್ದಳು.

"ಎಷ್ಟು ಹೊತ್ತಿನ ಕೆಲಸ?" ಸಾಲ್ಮಿ ಕೇಳಿದರು. ಅವಳು ಒಪ್ಪಲಿ ಎಂದು ಅವರಿಗೆ ಒಳಗೊಳಗೇ ಆಸೆ ಇತ್ತು. ಅದನ್ನು ನೆನೆದು ನಾಚಿಕೆಯೂ ಆಯಿತು.

"ಅರ್ಧ ಗಂಟೆ. ಫೈಲಲ್ಲಿ ಎಲ್ಲಾನೂ ಬೇರೆ ಬೇರೆ ಪದರದಲ್ಲಿ ಇಟ್ಟಿದ್ದೀನಿ. ಪ್ರತಿ ಪದರದ ಪಕ್ಕ ಒಂದು ಕಣ್ಣಿನ ಗುರುತಿದೆ. ಒಂದು ಕಣ್ಣು ಮುಚ್ಚಿದ್ರೆ ರೆಮಿ ಹೋಗ್ತಾನೆ, ಇನ್ನೊಂದು ತೆರೆದ್ರೆ ಆ ಮನುಷ್ಯ ಬರ್ತಾನೆ."

"ಮಾಡಿಬಿಡಿ ಲೋರೇನ್," ಜೋಸೆಟ್ ತಡೆಯಲಾರದೆ ಹೇಳಿದಳು. "ಸುಮ್ನೆ ಯಾಕೆ ಕೋರ್ಟು ಕಚೇರಿ ಅಲೀತೀರಿ?"

ಲೋರೇನ್ ಅವಳನ್ನು ನೋಡಿದಳು. ಸಿಟ್ಟೇನೂ ಇರಲಿಲ್ಲ.

"ಅಮ್ಮನೂ ಹೀಗೇ ಹೇಳಿದ್ರು, ಮಗಳೇ. ಇಂಥ ಕೆಲಸ ಒಂದ್ಸಲ ಹೇಳಿಸಿಕೊಂಡು ಮಾಡಿದ್ದೀನಿ. ಸಾಕು." ಎದ್ದು, ಗೂಟದಿಂದ ಬೂದು ಕೋಟು ತೆಗೆದಳು. "ಕೈಕೋಳ ಹಾಕ್ತೀರಾ, ಹಾಗೇ ಬರ್ಲಾ?"

ಮಾರ್ಚ್ 14, 11:35ಕ್ಕೆ ಆರೋಪಿಯ ಬಂಧನ ದಾಖಲಾಯಿತು. ಕೋಳ ಹಾಕಲಿಲ್ಲ. ಷರತ್ತಿನ ಮೇಲೆ ಅಂದೇ ಬಿಡುಗಡೆ. ಅಂಗಣಕ್ಕೆ ಕಾಲಿಡುವಂತಿಲ್ಲ, ಲೈಬ್ರರಿಯ ತರಗತಿ ಮುಂದಿನ ಆದೇಶದವರೆಗೆ ರದ್ದು.

ಶನಿವಾರ ಸಮಾರಂಭ ಚೆನ್ನಾಗಿಯೇ ನಡೆಯಿತು. ಫಲಕದ ಬಟ್ಟೆ ಸರಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ ಫೋಟೊ ಇದ್ದ ಜಾಗದ ಕೆಳಗೆ ಹೂವಿನ ಸ್ಟ್ಯಾಂಡು ಇಟ್ಟಿದ್ದರು. ಕ್ಲಿಫ್ ಬೋಡ್ರೊ ಬಂದಿರಲಿಲ್ಲ. ಹಿಮ ಬೀಳದಿದ್ದರೂ ಅವನ ಗಾಡಿ ರಸ್ತೆಯ ಮೇಲೆ ಓಡಾಡುತ್ತಿತ್ತಂತೆ.

ಭಾನುವಾರ ಸಾಲ್ಮಿ ಒಬ್ಬರೇ ಠಾಣೆಗೆ ಬಂದು ಅಂತಿಮ ವರದಿ ಬರೆದರು. 'ಕೃತ್ಯಕ್ಕೆ ಪ್ರೇರಣೆ' ಎಂಬ ಅಂಕಣದಲ್ಲಿ ಎರಡು ವಾಕ್ಯ ಸೇರಿಸಿದರು: 'ಆರೋಪಿಯ ತಮ್ಮ ರೆಮಿ ಟೆಸಿಯೆ (15) ದಿನಾಂಕ 9-4-1997ರಂದು ತಾಯಿಯೊಂದಿಗೆ ಈ ಠಾಣೆಗೆ ಬಂದು ವಾರೆನ್ ಹಾಲರನ್ ವಿರುದ್ಧ ದೂರು ಹೇಳಿದ್ದ. ದೂರನ್ನು ಬರೆದುಕೊಂಡಿಲ್ಲ.'

ಸೋಮವಾರ ವರದಿ ಮ್ಯಾಕ್‌ಲೀಶ್ ಮೇಜಿನಿಂದ ವಾಪಸು ಬಂತು. ಆ ಎರಡು ವಾಕ್ಯಗಳ ಪಕ್ಕದಲ್ಲಿ ಪೆನ್ಸಿಲಿನ ಗೆರೆ. ಕೆಳಗೆ ಸಣ್ಣ ಟಿಪ್ಪಣಿ: 'ಇದು ಈ ಕೇಸಿಗೆ ಸಂಬಂಧಿಸಿದ್ದಲ್ಲ. ವೈಯಕ್ತಿಕ ದ್ವೇಷ ಎಂದರೆ ಸಾಕು.'

ಸಾಲ್ಮಿ ಬಾಗಿಲು ಮುಚ್ಚಿಕೊಂಡು ಕಂಪ್ಯೂಟರಿನ ಮುಂದೆ ಸುಮಾರು ಹೊತ್ತು ಕುಳಿತಿದ್ದರು. ಅವರ ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿತ್ತು. ಜೋಸೆಟ್ ಕಾಫಿ ತಂದಾಗ ಅವರು ಹೊಸ ಪ್ರತಿಗೆ ಸಹಿ ಹಾಕುತ್ತಿದ್ದರು. ಅವಳು ಹೆಗಲ ಮೇಲಿಂದ ಬಗ್ಗಿ ಅಂಕಣವನ್ನು ಓದಿದಳು. ವೈಯಕ್ತಿಕ ದ್ವೇಷ ಎಂದಿತ್ತು. ಅವಳು ಕಾಫಿ ಇಟ್ಟು ಹೊರಗೆ ಹೋದಳು.